ಬಾಸ್ಟನ್‌ನಿಂದ ಬಫಲೋಗೆ: ಎರಡು ಹಡಗು, ಆರು ಹೆಸರು

ಮೊದಲ ದಿನ

ಲಾಂಗ್ ವಾರ್ಫ್‌ನಲ್ಲಿ ಫೆರಿ ಹತ್ತಿದಾಗ ಬೆಳಗಿನ ಹತ್ತು ದಾಟಿತ್ತು. ಹತ್ತೇ ನಿಮಿಷದ ದಾರಿ. ಬಾಸ್ಟನ್ನಿನ ಗಾಜಿನ ಕಟ್ಟಡಗಳು ಬೆನ್ನ ಹಿಂದೆ ಸರಿದು, ಎದುರಿಗೆ ಚಾರ್ಲ್ಸ್‌ಟೌನ್ ನೌಕಾಂಗಣದ ಹಳೆಯ ಕಲ್ಲುಕಟ್ಟಡಗಳು, ಕ್ರೇನು, ಮೂರು ಕಂಬದ ಒಂದು ಮರದ ಹಡಗು ಹತ್ತಿರವಾದವು. ಆ ಮರದ ಹಡಗೇ 1797ರಲ್ಲಿ ನೀರಿಗಿಳಿದ ಕಾನ್‌ಸ್ಟಿಟ್ಯೂಷನ್. ಫೆರಿಯಿಂದ ಇಳಿದವರೆಲ್ಲ ಅದರತ್ತಲೇ ನಡೆದರು.

"ಅಕ್ಕ, ನಾವೂ ಆ ಕಡೆಗೇ ಅಲ್ವಾ?" ಎಂದ ತಮ್ಮ.

ಅಲ್ಲ. ನಾನು ಬಂದದ್ದು ಪಕ್ಕದಲ್ಲಿ ಬೂದು ಬಣ್ಣ ಬಳಿದುಕೊಂಡು ನಿಂತಿರುವ ಉಕ್ಕಿನ ಹಡಗಿಗಾಗಿ. ಮೂತಿಯ ಮೇಲೆ ದೊಡ್ಡ ಬಿಳಿ ಅಂಕಿಗಳಲ್ಲಿ 793 ಎಂದಿದೆ. ಹೆಸರು ಕ್ಯಾಸಿನ್ ಯಂಗ್. ಎರಡನೇ ಮಹಾಯುದ್ಧದ ಕಾಲದ ಫ್ಲೆಚರ್ ವರ್ಗದ ಡಿಸ್ಟ್ರಾಯರ್, ಅಂದರೆ ದೊಡ್ಡ ಹಡಗುಗಳಿಗೆ ಕಾವಲಾಗಿ ಹೋಗುವ ವೇಗದ ಯುದ್ಧನೌಕೆ. ಒಂದೇ ನಕ್ಷೆಯ ಆ ವರ್ಗದಲ್ಲಿ ಕಟ್ಟಿದ್ದು 175 ಹಡಗು. ಈಗ ನೋಡಲು ಉಳಿದಿರುವುದು ನಾಲ್ಕು: ಅಮೆರಿಕದಲ್ಲಿ ಮೂರು, ಗ್ರೀಸ್‌ನಲ್ಲಿ ಒಂದು. ಐದು ದಿನದ ರಜೆಯಲ್ಲಿ ಅವುಗಳಲ್ಲಿ ಎರಡನ್ನಾದರೂ ನೋಡಬೇಕೆಂದು ಹೊರಟವರು ನಾವು. ತಮ್ಮನಿಗೆ ಹಡಗಿನ ಹುಚ್ಚಿಲ್ಲ. ಅಕ್ಕ ಕರೆದಳೆಂದು ಬಂದವನು.

ಹತ್ತಿರ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರ ತೆಳುವು. ಉದ್ದ ಸುಮಾರು 115 ಮೀಟರ್, ಅಗಲ ಬರೀ 12 ಮೀಟರ್. ಯುದ್ಧನೌಕೆ ಎಂದರೆ ಕೋಟೆಯಂಥ ಗೋಡೆ ಇರುತ್ತದೆಂದು ನಾವಂದುಕೊಳ್ಳುತ್ತೇವೆ. ಡಿಸ್ಟ್ರಾಯರ್‌ಗೆ ಆ ಕವಚವಿಲ್ಲ. ತೂಕ ಕಡಿಮೆಯಾದಷ್ಟೂ ವೇಗ ಹೆಚ್ಚು. 60,000 ಅಶ್ವಶಕ್ತಿಯ ಯಂತ್ರ, ವೇಗ ಸುಮಾರು 35 ನಾಟ್, ಅಂದರೆ ಗಂಟೆಗೆ 65 ಕಿಲೋಮೀಟರ್. ವೇಗವೇ ಇದರ ರಕ್ಷೆ. ಇದರ ಮೇಲೆ ದುಡಿದ ನಾವಿಕರು ಇದನ್ನು ಪ್ರೀತಿಯಿಂದ ಕರೆಯುತ್ತಿದ್ದದ್ದು "ಟಿನ್ ಕ್ಯಾನ್", ತಗಡಿನ ಡಬ್ಬಿ ಎಂದು. ಇಂಥ ಡಬ್ಬಿಯಲ್ಲಿ ಮುನ್ನೂರಕ್ಕೂ ಹೆಚ್ಚು ಗಂಡಸರು ತಿಂಗಳುಗಟ್ಟಲೆ ಇರುತ್ತಿದ್ದರು.

ಡೆಕ್ಕಿನ ಮೇಲೆ ಬಿಸಿಲಿತ್ತು. ಸಮುದ್ರದ ಗಾಳಿಗೆ ತಮ್ಮ ಜಾಕೆಟ್ಟಿನ ಜಿಪ್ ಎಳೆದುಕೊಂಡ. ತೋಪುಗಳ ನಡುವಿನಿಂದ ತಲೆಯೆತ್ತಿದರೆ ಗುಡ್ಡದ ಮೇಲಿನ ಬಂಕರ್ ಹಿಲ್ ಸ್ಮಾರಕಸ್ತಂಭ ಕಾಣುತ್ತದೆ. 1775ರ ಜೂನ್ 17ರಂದು ಬ್ರಿಟಿಷರ ವಿರುದ್ಧ ಇಲ್ಲಿ ನಡೆದ ಕಾಳಗದ ನೆನಪಿಗೆ ನಿಲ್ಲಿಸಿದ ಕಲ್ಲು. ಸಂಜೆ ಅದನ್ನೂ ಹತ್ತಿದೆವು. 294 ಮೆಟ್ಟಿಲು. ಈ ಸ್ತಂಭದ ಹೆಸರು ನಾಲ್ಕನೆಯ ದಿನ ಮತ್ತೆ ನಮ್ಮೆದುರು ಬಂದು ನಿಲ್ಲುತ್ತದೆಂದು ಆಗ ನನಗೆ ಹೊಳೆದಿರಲಿಲ್ಲ.

ಸೂರ್ಯ ಮುಳುಗುವಾಗ ಕಾನ್‌ಸ್ಟಿಟ್ಯೂಷನ್ ಮೇಲಿಂದ ಒಂದು ತೋಪು ಹಾರಿಸುತ್ತಾರೆ. ಆ ಸದ್ದಿಗೆ ಬಂದರಿನ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಎರಡನೇ ದಿನ

ಬೆಳಿಗ್ಗೆ ಮತ್ತೆ ಅದೇ ಹಡಗು. ಈ ಸಲ ಉದ್ಯಾನ ಇಲಾಖೆಯ ರೇಂಜರ್ ಜೊತೆ ಕೆಳಗಿನ ಅಂತಸ್ತಿಗೆ. ಏಣಿ ಕಡಿದಾಗಿದೆ, ಮುಖ ಏಣಿಯ ಕಡೆಗಿಟ್ಟುಕೊಂಡೇ ಇಳಿಯಬೇಕು. ಒಂದರ ಮೇಲೊಂದು ಮೂರು ಬಂಕು. ಮಧ್ಯದ ಬಂಕಿನಲ್ಲಿ ಮಲಗಿದವನ ಮೂಗಿಗೂ ಮೇಲಿನವನ ಬೆನ್ನಿಗೂ ನಡುವೆ ಒಂದು ಗೇಣು ಜಾಗ ಇರಬಹುದು. ಪೈಪುಗಳು ತಲೆಗೆ ತಾಗುತ್ತವೆ.

ಊಟದ ಕೋಣೆಯ ಬಾಗಿಲಲ್ಲಿ ನಿಂತು ತಮ್ಮ ಕೇಳಿದ: "ಯಾರಿವನು ಕ್ಯಾಸಿನ್ ಯಂಗ್?"

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

1941ರ ಡಿಸೆಂಬರ್ 7. ಹವಾಯಿಯಲ್ಲಿರುವ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್. ಅರಿಜೋನಾ ಎಂಬ ಭಾರಿ ಯುದ್ಧನೌಕೆಯ ಮಗ್ಗುಲಿಗೆ ವೆಸ್ಟಲ್ ಎಂಬ ರಿಪೇರಿ ಹಡಗು ಹಗ್ಗ ಬಿಗಿದುಕೊಂಡು ನಿಂತಿತ್ತು. ವೆಸ್ಟಲ್‌ನ ಕಮಾಂಡರ್ ಕ್ಯಾಸಿನ್ ಯಂಗ್, ವಯಸ್ಸು 47. ಜಪಾನಿನ ವಿಮಾನಗಳು ಬಂದವು, ವೆಸ್ಟಲ್‌ಗೆ ಎರಡು ಬಾಂಬು ಬಿದ್ದವು. ಯಂಗ್ ಮೇಲೆ ಬಂದು ವಿಮಾನನಿರೋಧಕ ತೋಪಿನ ಉಸ್ತುವಾರಿಯನ್ನು ತಾನೇ ವಹಿಸಿಕೊಂಡ. ಅಷ್ಟರಲ್ಲಿ ಅರಿಜೋನಾದ ಮದ್ದಿನ ಕೋಣೆ ಸಿಡಿಯಿತು. ಆ ಹಡಗಿನ 1,177 ಜನ ಅಂದು ಸತ್ತರು. ಸಿಡಿತದ ಗಾಳಿಯ ಹೊಡೆತಕ್ಕೆ ಯಂಗ್ ತನ್ನ ಹಡಗಿನಿಂದಲೇ ಹಾರಿ ನೀರಿಗೆ ಬಿದ್ದ. ನೀರಿನ ಮೇಲೆ ಎಣ್ಣೆ ಉರಿಯುತ್ತಿತ್ತು.

ಅವನು ಈಜಿ ವಾಪಸ್ ಬಂದ. ಬರುವಷ್ಟರಲ್ಲಿ ಹಡಗು ಬಿಟ್ಟು ಹೋಗಿ ಎಂಬ ಆದೇಶ ಹೊರಟಿತ್ತು, ಜನ ಇಳಿಯತೊಡಗಿದ್ದರು. ಯಂಗ್ ಆ ಆದೇಶವನ್ನು ರದ್ದು ಮಾಡಿ ಎಲ್ಲರನ್ನೂ ಹಿಂದಕ್ಕೆ ಕರೆದ. ಹೊತ್ತಿ ಉರಿಯುತ್ತಿದ್ದ ಅರಿಜೋನಾದಿಂದ ಹಗ್ಗ ಬಿಡಿಸಿಕೊಂಡು, ನೀರು ತುಂಬುತ್ತಿದ್ದ ವೆಸ್ಟಲನ್ನು ನಡೆಸಿಕೊಂಡು ಹೋಗಿ ದಡದ ಆಳವಿಲ್ಲದ ಜಾಗದಲ್ಲಿ ಬೇಕೆಂದೇ ತಳ ಊರಿಸಿದ. ಹಡಗು ಉಳಿಯಿತು. ಅಮೆರಿಕದ ಅತ್ಯುನ್ನತ ಶೌರ್ಯಪದಕ ಮೆಡಲ್ ಆಫ್ ಆನರ್ ಅವನಿಗೆ ಸಿಕ್ಕಿತು.

ಅದೇ ಗಳಿಗೆಯಲ್ಲಿ ವೆಸ್ಟಲ್‌ನ ಇನ್ನೊಬ್ಬ ನಾವಿಕ ಜೋ ಜಾರ್ಜ್, ಅರಿಜೋನಾದ ಉರಿಯುವ ಗೋಪುರದಲ್ಲಿ ಸಿಕ್ಕಿಬಿದ್ದ ಆರು ಜನರಿಗೆ ಹಗ್ಗ ಎಸೆದ. ಆರೂ ಜನ ಆ ಹಗ್ಗ ಹಿಡಿದು, ಒಂದೊಂದೇ ಕೈ ಹಾಕುತ್ತ ವೆಸ್ಟಲ್‌ಗೆ ದಾಟಿದರು. ಸರ್ಕಾರ ಅವನ ಈ ಕೆಲಸಕ್ಕೆ ಪದಕ ಕೊಟ್ಟದ್ದು 2017ರಲ್ಲಿ, ಅವನು ತೀರಿಕೊಂಡ ಮೇಲೆ. ಹಡಗಿನಿಂದ ಇಳಿದು ನಾವು ಹಗ್ಗದ ಕಾರ್ಖಾನೆಯಿದ್ದ ಉದ್ದನೆಯ ಕಲ್ಲುಕಟ್ಟಡದ ಪಕ್ಕ ನಡೆದುಹೋದೆವು. ಸುಮಾರು ಕಾಲು ಮೈಲಿ ಉದ್ದ. ಉದ್ದದ ಹಗ್ಗ ಹೊಸೆಯಬೇಕಾದರೆ ಅಷ್ಟೇ ಉದ್ದದ ಜಾಗ ಬೇಕು. ನೂರು ವರ್ಷಕ್ಕೂ ಮಿಕ್ಕಿ ಅಮೆರಿಕದ ನೌಕಾಪಡೆಗೆ ಹಗ್ಗ ಹೊಸೆದದ್ದು ಇಲ್ಲೇ. ಅಲ್ಲಿ ನಿಂತಾಗ ನನಗೆ ಜೋ ಜಾರ್ಜ್ ಎಸೆದ ಹಗ್ಗದ್ದೇ ಧ್ಯಾನ.

ಯಂಗ್‌ಗೆ ಬಡ್ತಿ ಸಿಕ್ಕಿ ಕ್ಯಾಪ್ಟನ್ ಆದ. 1942ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಂಬ ಭಾರಿ ಕ್ರೂಸರ್, ಡಿಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ, ಅವನ ಕೈಗೆ ಬಂತು. ನಾಲ್ಕೇ ದಿನ. ನವೆಂಬರ್ 13ರ ಶುಕ್ರವಾರ, ಬೆಳಗಿನ ಜಾವಕ್ಕೂ ಮೊದಲು, ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಹತ್ತಿರ ಕತ್ತಲಲ್ಲಿ ಎರಡೂ ಕಡೆಯ ಹಡಗುಗಳು ಒಂದರೊಳಗೊಂದು ನುಗ್ಗಿಬಿಟ್ಟವು. ಯಾರು ನಮ್ಮವರು, ಯಾರು ಅವರು ಎಂದು ತಿಳಿಯದಷ್ಟು ಹತ್ತಿರದ ಕಾಳಗ. ಸ್ಯಾನ್ ಫ್ರಾನ್ಸಿಸ್ಕೊಗೆ 45 ಏಟು ಬಿದ್ದವು. ಹಡಗು ನಡೆಸುವ ಕಟ್ಟೆಯಾದ ಬ್ರಿಡ್ಜ್‌ನಲ್ಲಿದ್ದ ಕ್ಯಾಸಿನ್ ಯಂಗ್ ಸತ್ತ. ಅದೇ ಹಡಗಿನಲ್ಲಿದ್ದ ರಿಯರ್ ಅಡ್ಮಿರಲ್ ಡೇನಿಯಲ್ ಕ್ಯಾಲಹನ್ ಕೂಡ ಸತ್ತ.

ಇದಾದ ಮೇಲಿನ ಭಾಗವನ್ನು ನಾನು ನಿಧಾನವಾಗಿ ಹೇಳಬೇಕಾಯಿತು, ತಮ್ಮ ಎರಡು ಸಲ ಕೇಳಿಸಿಕೊಂಡ. ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಲ್ಲಿ ಕಟ್ಟುತ್ತಿದ್ದ ಡಿಸ್ಟ್ರಾಯರ್‌ಗಳಲ್ಲಿ 792ನೇ ನಂಬರಿನದಕ್ಕೆ ಕ್ಯಾಲಹನ್ ಎಂದು ಹೆಸರಿಟ್ಟರು. ಅದರ ಮುಂದಿನದು 793, ನಾವು ನಿಂತಿದ್ದ ಈ ಕ್ಯಾಸಿನ್ ಯಂಗ್. ಒಂದೇ ಹಡಗಿನಲ್ಲಿ ಒಂದೇ ರಾತ್ರಿ ಸತ್ತ ಇಬ್ಬರು ಒಂದೇ ಅಂಗಳದಲ್ಲಿ ಅಕ್ಕಪಕ್ಕದ ನಂಬರಾಗಿ ಮತ್ತೆ ಸಮುದ್ರಕ್ಕಿಳಿದರು.

1943ರ ಡಿಸೆಂಬರ್ 31ರಂದು ಸೇವೆಗೆ ಸೇರಿದ ಕ್ಯಾಸಿನ್ ಯಂಗ್, ಮುಂದಿನ ವರ್ಷದ ಅಕ್ಟೋಬರ್ 24ರಂದು ಫಿಲಿಪೀನ್ಸ್‌ನ ಲೇಟಿ ಕೊಲ್ಲಿಯ ಯುದ್ಧದಲ್ಲಿ ಹೊತ್ತಿ ಉರಿಯುತ್ತಿದ್ದ ಪ್ರಿನ್ಸ್‌ಟನ್ ಎಂಬ ವಿಮಾನವಾಹಕದ ನೂರಿಪ್ಪತ್ತಕ್ಕೂ ಹೆಚ್ಚು ಜನರನ್ನು ನೀರಿನಿಂದ ಎತ್ತಿತು. ಆಮೇಲೆ ಜಪಾನಿನ ಒಕಿನಾವಾ ದ್ವೀಪ. ಅಲ್ಲಿ ಡಿಸ್ಟ್ರಾಯರ್‌ಗಳನ್ನು ದ್ವೀಪದ ಸುತ್ತ ದೂರ ದೂರಕ್ಕೆ ಕಾವಲು ನಿಲ್ಲಿಸುತ್ತಿದ್ದರು. ರೇಡಾರಿನಲ್ಲಿ ಶತ್ರುವಿಮಾನ ಕಂಡ ಕೂಡಲೇ ಒಳಗಿನ ದೊಡ್ಡ ಹಡಗುಗಳಿಗೆ ಸುದ್ದಿ ಕೊಡಬೇಕು, ತಮ್ಮ ಯುದ್ಧವಿಮಾನಗಳಿಗೆ ದಾರಿ ತೋರಬೇಕು. ಹೊಲದ ಬದುವಿನಲ್ಲಿ ಒಂಟಿಯಾಗಿ ಕಾವಲು ಕೂತವನ ಮೇಲೇ ಮೊದಲು ಕಾಡುಹಂದಿ ನುಗ್ಗುವ ಹಾಗೆ, ಹಡಗಿಗೆ ಬೇಕೆಂದೇ ಬಂದು ಬಡಿಯುವ ಜಪಾನಿನ ಆತ್ಮಾಹುತಿ ವಿಮಾನಗಳು, ಕಾಮಿಕಾಜೆಗಳು, ಇವುಗಳ ಮೇಲೇ ಬೀಳುತ್ತಿದ್ದವು. 1945ರ ಏಪ್ರಿಲ್ 12ರಂದು ಒಂದು ವಿಮಾನ ಕ್ಯಾಸಿನ್ ಯಂಗ್‌ನ ಮುಂದಿನ ಕಂಬಕ್ಕೆ ಬಡಿದು ಗಾಳಿಯಲ್ಲೇ ಸಿಡಿಯಿತು. ಒಬ್ಬ ಸತ್ತ, 59 ಜನ ಗಾಯಗೊಂಡರು.

ಜುಲೈ 29ರ ನಡುರಾತ್ರಿ ಕಳೆದ ಮೇಲೆ ಕ್ಯಾಲಹನ್ ಹಡಗಿಗೆ ಒಂದು ವಿಮಾನ ಬಡಿಯಿತು. ಅದು ಮುಳುಗಿತು, 47 ಜನ ಸತ್ತರು. ಕಾಮಿಕಾಜೆ ದಾಳಿಗೆ ಮುಳುಗಿದ ಕೊನೆಯ ಅಮೆರಿಕನ್ ಡಿಸ್ಟ್ರಾಯರ್ ಅದು. ಬದುಕುಳಿದವರನ್ನು ನೀರಿನಿಂದ ಎತ್ತಿದ ಹಡಗುಗಳಲ್ಲಿ ಕ್ಯಾಸಿನ್ ಯಂಗ್ ಒಂದು.

ಮಾರನೆಯ ದಿನ, ಜುಲೈ 30ರ ಬೆಳಗಿನ ಜಾವ, ಕ್ಯಾಸಿನ್ ಯಂಗ್‌ಗೇ ಏಟು ಬಿತ್ತು. ಬಲಮಗ್ಗುಲಿಗೆ, ಮುಂದಿನ ಹೊಗೆಗೊಳವೆಯ ಹತ್ತಿರ. 22 ಜನ ಸತ್ತರು, 45 ಜನ ಗಾಯಗೊಂಡರು. ಇಪ್ಪತ್ತು ನಿಮಿಷದಲ್ಲಿ ಉಳಿದವರು ಬೆಂಕಿ ಅಡಗಿಸಿ, ಒಂದು ಎಂಜಿನ್ ಹಚ್ಚಿಕೊಂಡು ಹಡಗು ನಡೆಸಿದರು. ಯುದ್ಧ ಮುಗಿಯಲು ಬಾಕಿಯಿದ್ದದ್ದು ಎರಡು ವಾರ.

ಆ ಜಾಗದಲ್ಲಿ ಈಗ ಬಣ್ಣ ಹೊಸದಾಗಿದೆ. ಕೈಯಿಟ್ಟು ನೋಡಿದೆ, ಉಕ್ಕು ಬಿಸಿಲಿಗೆ ಬೆಚ್ಚಗಿತ್ತು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. 1946ರಲ್ಲಿ ನಿವೃತ್ತಿ, ಕೊರಿಯಾ ಯುದ್ಧದ ಹೊತ್ತಿಗೆ 1951ರಲ್ಲಿ ಮರುಸೇವೆ, 1960ರಲ್ಲಿ ಮತ್ತೆ ವಿಶ್ರಾಂತಿ. 1978ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಇದನ್ನು ಈ ಅಂಗಳಕ್ಕೆ ತಂದಿತು. ಇಲ್ಲಿ ಕಟ್ಟಿದ್ದಲ್ಲವಾದರೂ ಇದೇ ವರ್ಗದ 14 ಹಡಗುಗಳನ್ನು ಕಟ್ಟಿದ ಅಂಗಳ ಇದು. ಹಾಗಾಗಿ ಇಲ್ಲಿ ನಿಂತಿರುವುದು ಸರಿಯಾಗಿಯೇ ಇದೆ ಅನ್ನಿಸಿತು.

ಮೂರನೇ ದಿನ

ಮಧ್ಯಾಹ್ನ ಸೌತ್ ಸ್ಟೇಷನ್‌ನಿಂದ ಲೇಕ್ ಶೋರ್ ಲಿಮಿಟೆಡ್ ರೈಲು. ಬಫಲೋ ಮುಟ್ಟುವಾಗ ಮಧ್ಯರಾತ್ರಿ ಸಮೀಪಿಸುತ್ತದೆ. ಸ್ಪ್ರಿಂಗ್‌ಫೀಲ್ಡ್ ದಾಟಿದ ಮೇಲೆ ಬರ್ಕ್‌ಶೈರ್ ಗುಡ್ಡಗಳು, ಆಲ್ಬನಿಯ ನಂತರ ಮೋಹಾಕ್ ನದಿಯ ಬಯಲು. ಕಿಟಕಿಯಾಚೆ ಬಹಳ ಹೊತ್ತು ಬೇರೇನೂ ಇರಲಿಲ್ಲ. ಮರ, ನೀರು, ಒಮ್ಮೊಮ್ಮೆ ಸರಕು ರೈಲು.

ಅಮ್ಮನಿಗೆ ಫೋನು ಮಾಡಿದೆವು. "ಇಬ್ಬರೂ ಒಂದೇ ರೈಲಲ್ಲಿ ಹೋಗ್ತಿದೀರಾ?" ಎಂದು ಕೇಳಿದರು. ನಾವು ಚಿಕ್ಕವರಿದ್ದಾಗಿನಿಂದ ಅಮ್ಮನಿಗೆ ಆ ಭಯ. ಮನೆಯವರೆಲ್ಲ ಒಂದೇ ಗಾಡಿಯಲ್ಲಿ ಹೊರಟರೆ ಒಬ್ಬರನ್ನಾದರೂ ಹಿಂದಿನ ಬಸ್ಸಿಗೆ ಬನ್ನಿ ಅನ್ನುತ್ತಿದ್ದರು. ಫೋನು ಇಟ್ಟ ಮೇಲೆ ತಮ್ಮನಿಗೆ ನಾಳೆ ನೋಡಲಿರುವ ಹಡಗಿನ ಕಥೆ ಹೇಳಿದೆ. ಹೇಳಲು ಅದಕ್ಕಿಂತ ಕಷ್ಟದ ಹೊತ್ತು ಇರಲಿಲ್ಲ.

ಅಯೋವಾ ರಾಜ್ಯದ ವಾಟರ್‌ಲೂ ಊರಿನ ಸಲಿವನ್ ಮನೆತನ. ಅಪ್ಪ ಥಾಮಸ್ ರೈಲ್ವೆ ನೌಕರ. ಅಮ್ಮ ಅಲೆಟಾ. ಐದು ಗಂಡುಮಕ್ಕಳು: ಜಾರ್ಜ್, ಫ್ರಾನ್ಸಿಸ್, ಜೋಸೆಫ್, ಮ್ಯಾಡಿಸನ್, ಆಲ್ಬರ್ಟ್. ಮಗಳು ಜೆನೆವೀವ್. ಈ ಹುಡುಗರಿಗೆ ಬಿಲ್ ಬಾಲ್ ಎಂಬ ಗೆಳೆಯನಿದ್ದ. ಅವನು ನಾವಿಕನಾಗಿದ್ದದ್ದು ಅರಿಜೋನಾ ಹಡಗಿನಲ್ಲಿ.

"ಅದೇ ಅರಿಜೋನಾ?" ಎಂದ ತಮ್ಮ.

ಅದೇ. ಕ್ಯಾಸಿನ್ ಯಂಗನನ್ನು ನೀರಿಗೆಸೆದ ಸಿಡಿತದ ಹಡಗಿನಲ್ಲೇ ಬಿಲ್ ಬಾಲ್ ಸತ್ತದ್ದು. ಸುದ್ದಿ ತಿಳಿದ ಸಲಿವನ್ ಸಹೋದರರು 1942ರ ಜನವರಿ 3ರಂದು ಐವರೂ ನೌಕಾಪಡೆ ಸೇರಿದರು. ಒಂದೇ ಷರತ್ತು, ಐವರನ್ನೂ ಒಂದೇ ಹಡಗಿಗೆ ಹಾಕಬೇಕು. ಹಾಗೆ ಮಾಡುವುದು ಸರಿಯಲ್ಲವೆಂದು ಅಧಿಕಾರಿಗಳಿಗೆ ಗೊತ್ತಿತ್ತು. ಆದರೂ ಒಪ್ಪಿದರು. ಜುನೋ ಎಂಬ ಹಗುರ ಕ್ರೂಸರ್ ಸೇವೆಗೆ ಸೇರಿದ ಫೆಬ್ರವರಿ 14ರಂದು ತೆಗೆದ ಚಿತ್ರದಲ್ಲಿ ಐವರೂ ಒತ್ತಿಕೊಂಡು ನಗುತ್ತಿದ್ದಾರೆ.

ನವೆಂಬರ್ 13ರ ರಾತ್ರಿಯ ಅದೇ ಕಾಳಗದಲ್ಲಿ ಜುನೋ ಕೂಡ ಇತ್ತು. ಟಾರ್ಪೆಡೊ ಬಡಿದು ಜಖಂ ಆಗಿದ್ದರೂ ಬೆಳಿಗ್ಗೆ ಉಳಿದ ಹಡಗುಗಳ ಜೊತೆ ಕುಂಟುತ್ತ ಹಿಂದಿರುಗುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗಾಯಾಳುಗಳು ತುಂಬಿದ್ದರಿಂದ ಜುನೋದ ಒಬ್ಬ ವೈದ್ಯ ಮತ್ತು ಮೂವರು ಸಹಾಯಕರನ್ನು ಅಲ್ಲಿಗೆ ಕಳಿಸಿದರು. ಆ ನಾಲ್ವರು ಬದುಕಿದ್ದು ಹಾಗೆ. ಹನ್ನೊಂದು ಗಂಟೆಯ ಸುಮಾರಿಗೆ ಜಪಾನಿನ ಐ-26 ಜಲಾಂತರ್ಗಾಮಿಯ ಟಾರ್ಪೆಡೊ ತಾಗಿ ಜುನೋ ಒಂದೇ ಕ್ಷಣದಲ್ಲಿ ಸಿಡಿದುಹೋಯಿತು. ಯಾರೂ ಉಳಿದಿರಲಾರರೆಂದು ಉಳಿದ ಹಡಗುಗಳು ನಿಲ್ಲದೆ ಸಾಗಿದವು. ಜಲಾಂತರ್ಗಾಮಿಯ ಹೆದರಿಕೆಯೂ ಇತ್ತು. ಮೇಲೆ ಹಾರುತ್ತಿದ್ದ ವಿಮಾನಕ್ಕೆ ಜಾಗ ತಿಳಿಸಿದರು, ಆದರೆ ಆ ಸುದ್ದಿಯ ಮೇಲೆ ಹೊತ್ತಿಗೆ ಸರಿಯಾಗಿ ಯಾರೂ ಕ್ರಮ ಕೈಗೊಳ್ಳಲಿಲ್ಲ.

ನೀರಿನಲ್ಲಿ ನೂರರಷ್ಟು ಜನ ಬದುಕಿದ್ದರು.

ಎಂಟು ದಿನವಾದ ಮೇಲೆ ಎತ್ತಿದಾಗ ಹತ್ತು ಜನ ಉಳಿದಿದ್ದರು. ಫ್ರಾನ್ಸಿಸ್, ಜೋಸೆಫ್, ಮ್ಯಾಡಿಸನ್ ಸಿಡಿತದಲ್ಲೇ ಹೋದರೆಂದು, ಆಲ್ಬರ್ಟ್ ಮರುದಿನ ಮುಳುಗಿದನೆಂದು, ಹಿರಿಯ ಜಾರ್ಜ್ ನಾಲ್ಕೈದು ದಿನ ತೆಪ್ಪದ ಮೇಲೆ ಇದ್ದನೆಂದು ಆ ಉಳಿದವರು ಹೇಳಿದರು.

ರೈಲು ಸಿರಾಕ್ಯೂಸ್ ಬಿಟ್ಟಿತ್ತು. ತಮ್ಮ ಕಿಟಕಿಗೆ ತಲೆಯಾನಿಸಿ ಕೂತಿದ್ದ. ನಿದ್ದೆ ಹೋದನೆಂದುಕೊಂಡೆ. "ಅವರ ಅಮ್ಮನಿಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದ.

ಮಕ್ಕಳ ಕಾಗದ ನಿಂತುಹೋಗಿತ್ತು. ಊರಲ್ಲಿ ಗಾಳಿಸುದ್ದಿ ಹಬ್ಬಿತ್ತು. 1943ರ ಜನವರಿಯಲ್ಲಿ ಅಲೆಟಾ ತಾನೇ ನೌಕಾಪಡೆಗೆ ಕಾಗದ ಬರೆದಳು: ನಿಜವಾದರೂ ಹೇಳಿ, ಸುಳ್ಳಾದರೂ ಹೇಳಿ ಎಂದು. ಫೆಬ್ರವರಿಯಲ್ಲಿ ಒಂದು ಹೊಸ ಹಡಗಿಗೆ ಹೆಸರಿಡಲು ತನ್ನನ್ನು ಕರೆದಿದ್ದಾರೆ, ಮಕ್ಕಳಿಗೆ ಏನಾಗಿದ್ದರೂ ತಾನು ಹೋಗುತ್ತೇನೆ ಎಂದೂ ಅದೇ ಕಾಗದದಲ್ಲಿದೆ. ಜನವರಿ 12ರ ಬೆಳಿಗ್ಗೆ ಸಮವಸ್ತ್ರದ ಮೂವರು ಮನೆಗೆ ಬಂದರು. ಥಾಮಸ್ ಯಾವ ಮಗ ಎಂದು ಕೇಳಿದ. ಐವರೂ ಎಂದರು. ಅಂದು ಅವನಿಗೆ ರೈಲಿನ ಡ್ಯೂಟಿ ಇತ್ತು. ಅವನು ಕೆಲಸಕ್ಕೆ ಹೋದ.

ನಾಲ್ಕನೇ ದಿನ

ಬಫಲೋ ಊರು ಈರಿ ಸರೋವರದ ತುದಿಯಲ್ಲಿದೆ. 1825ರಲ್ಲಿ ತೆರೆದ ಈರಿ ಕಾಲುವೆ ಇಲ್ಲೇ ಕೊನೆಯಾಗುತ್ತಿತ್ತು. ಆ ಹಳೆಯ ಕಾಲುವೆದಂಡೆಯ ಮಗ್ಗುಲಲ್ಲೇ ನೌಕಾ ಉದ್ಯಾನ. ಲಿಟ್ಲ್ ರಾಕ್ ಎಂಬ ಕ್ರೂಸರ್, ಕ್ರೋಕರ್ ಎಂಬ ಜಲಾಂತರ್ಗಾಮಿ, ನಡುವೆ ನಾವು ಹುಡುಕಿ ಬಂದ 537: ದಿ ಸಲಿವನ್ಸ್. ಉಪ್ಪುನೀರಿನ ಹಡಗು ಸಿಹಿನೀರಿನಲ್ಲಿ ನಿಂತಿದೆ.

ದೂರದಿಂದಲೇ ತಮ್ಮ ಗುರುತು ಹಿಡಿದ. "ಅದೇ ಹಡಗಲ್ವಾ ಇದು!" ಹೌದು, ಒಂದೇ ಅಚ್ಚು. ಒಂದೇ ವ್ಯತ್ಯಾಸ ಥಟ್ಟನೆ ಕಾಣುತ್ತದೆ: ಹೊಗೆಗೊಳವೆಯ ಮೇಲೆ ಹಸಿರು ಬಣ್ಣದ ಮೂರೆಲೆ. ಐರ್ಲೆಂಡಿನ ಶ್ಯಾಮ್‌ರಾಕ್ ಅದು. ಸಲಿವನ್ ಮನೆತನದ ಮೂಲ ಐರ್ಲೆಂಡ್.

ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕಟ್ಟುತ್ತಿದ್ದ ಈ ಹಡಗಿಗೆ ಮೊದಲು ಪುಟ್ನಮ್ ಎಂದು ಹೆಸರಾಗಿತ್ತು. ಫೆಬ್ರವರಿ 1943ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೆಸರು ಬದಲಿಸಿದರು. ಒಬ್ಬರಿಗಿಂತ ಹೆಚ್ಚು ಜನರ ಹೆಸರು ಹೊತ್ತ ಅಮೆರಿಕನ್ ನೌಕಾಪಡೆಯ ಮೊದಲ ಹಡಗು ಇದು. ಏಪ್ರಿಲ್ 4ರಂದು ಮೂತಿಗೆ ಬಾಟಲಿ ಒಡೆದು ನೀರಿಗಿಳಿಸಿದವಳು ಅಲೆಟಾ. ಸುದ್ದಿ ತಿಳಿದು ಮೂರು ತಿಂಗಳೂ ತುಂಬಿರಲಿಲ್ಲ. ಆ ತಾಯಿ ಕೈಯೆತ್ತಿದ ಗಳಿಗೆಯನ್ನು ನಾನು ಬಹಳ ಸಲ ಯೋಚಿಸಿದ್ದೇನೆ, ನನಗೆ ಅದರ ಹತ್ತಿರವೂ ಹೋಗಲಾಗಿಲ್ಲ.

ಈ ಹಡಗನ್ನು ನಾವಿಕರು ಅದೃಷ್ಟದ ಹಡಗು ಎನ್ನುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ಒಂಬತ್ತು, ಕೊರಿಯಾಕ್ಕೆ ಎರಡು ಯುದ್ಧತಾರೆ (ಕಾಳಗದಲ್ಲಿ ಪಾಲ್ಗೊಂಡದ್ದಕ್ಕೆ ಕೊಡುವ ಗೌರವ) ಗಳಿಸಿದರೂ ಶತ್ರುವಿನ ಹೊಡೆತಕ್ಕೆ ಇದರ ಮೇಲೆ ಯಾರೂ ಸಾಯಲಿಲ್ಲ ಎಂಬುದು ಅವರ ಹೆಮ್ಮೆ. 1944ರ ಡಿಸೆಂಬರ್‌ನಲ್ಲಿ ಮೂರು ಡಿಸ್ಟ್ರಾಯರ್‌ಗಳನ್ನು ನುಂಗಿದ ಚಂಡಮಾರುತದಲ್ಲೂ ಇದು ತೇಲಿಕೊಂಡು ಹೊರಬಂತು. ಒಕಿನಾವಾದಲ್ಲಿ 1945ರ ಮೇ 11ರಂದು ಒಂದು ವಿಮಾನವಾಹಕಕ್ಕೆ ಎರಡು ಕಾಮಿಕಾಜೆ ಬಡಿದವು. ಬೆಂಕಿಗೆ ಹೆದರಿ ನೀರಿಗೆ ಹಾರಿದವರಲ್ಲಿ 166 ಜನರನ್ನು ದಿ ಸಲಿವನ್ಸ್ ಎತ್ತಿಕೊಂಡಿತು. ಆ ವಿಮಾನವಾಹಕದ ಹೆಸರು ಬಂಕರ್ ಹಿಲ್.

ಮೂರು ದಿನದ ಹಿಂದೆ ನಾವು 294 ಮೆಟ್ಟಿಲು ಹತ್ತಿದ ಸ್ತಂಭದ ಹೆಸರು.

ನಾನು ತಮ್ಮನ ಮುಖ ನೋಡಿದೆ, ಅವನು ನನ್ನದು. ಯಾರೂ ನೀರಿನಿಂದ ಎತ್ತದೆ ಎಂಟು ದಿನ ಬಿಟ್ಟ ಜುನೋದ ಹುಡುಗರ ಹೆಸರಿನ ಹಡಗು, ಒಂದೇ ದಿನ 166 ಜನರನ್ನು ಎತ್ತಿತ್ತು. ತಮ್ಮ ಆ ಅಂಕಿಯನ್ನು ತನ್ನ ಫೋನಿನಲ್ಲಿ ಬರೆದುಕೊಂಡ. ಈ ಪ್ರವಾಸದಲ್ಲಿ ಅವನು ಏನನ್ನಾದರೂ ಬರೆದುಕೊಂಡದ್ದು ಅದೇ ಮೊದಲು.

1962ರ ಕ್ಯೂಬಾ ದಿಗ್ಬಂಧನದಲ್ಲೂ ಇದು ಇತ್ತು. 1965ರಲ್ಲಿ ನಿವೃತ್ತಿ, 1977ರಲ್ಲಿ ಬಫಲೋಗೆ. ಆಲ್ಬರ್ಟ್ ಸತ್ತಾಗ ಕೂಸಾಗಿದ್ದ ಅವನ ಮಗ ಜೇಮ್ಸ್ ದೊಡ್ಡವನಾಗಿ ಇದೇ ಹಡಗಿನಲ್ಲಿ ದುಡಿದ. 1997ರಲ್ಲಿ ಸೇವೆಗೆ ಬಂದ ಅದೇ ಹೆಸರಿನ ಎರಡನೇ ಡಿಸ್ಟ್ರಾಯರ್‌ಗೆ ಹೆಸರಿಟ್ಟವಳು ಆಲ್ಬರ್ಟನ ಮೊಮ್ಮಗಳು.

ಈ ಹಡಗಿನ ತಳದ ಉಕ್ಕು ಹಳೆಯದಾಗಿದೆ. 2022ರ ಏಪ್ರಿಲ್‌ನಲ್ಲಿ ನಿಂತಲ್ಲೇ ತೂತಾಗಿ ನೀರು ನುಗ್ಗಿ ಒಂದು ಮಗ್ಗುಲಿಗೆ ವಾಲಿ ಕೂತಿತ್ತು. ಯುದ್ಧ ಮಾಡಲಾಗದ್ದನ್ನು ತುಕ್ಕು ಮಾಡಿತ್ತು. ಹಗಲೂರಾತ್ರಿ ಪಂಪು ಹಚ್ಚಿ, ಮುಳುಗುಗಾರರು ಇಳಿದು ತೂತು ಮುಚ್ಚಿ ಮೇಲೆತ್ತಿದರು. ಇಂಥ ಹಡಗು ಉಳಿಸಲು ದುಡ್ಡು ಸುರಿಯಬೇಕೇ ಎಂದು ಕೇಳುವವರಿದ್ದಾರೆ. ಸುರಿಯಬೇಕು ಎಂದು ನಾನು ಹೇಳುತ್ತೇನೆ. ಜುನೋ 2018ರ ಮಾರ್ಚ್ 17ರಂದು, ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬದ ದಿನವೇ ಪತ್ತೆಯಾಯಿತು. ಆದರೆ ಅದು ಇರುವುದು ನಾಲ್ಕು ಸಾವಿರ ಮೀಟರಿಗೂ ಹೆಚ್ಚು ಆಳದಲ್ಲಿ. ಅಲ್ಲಿಗೆ ಹೋಗಿ ಹೂವಿಡಲು ಯಾರಿಗೂ ಆಗದು. ಇಲ್ಲಿಗೆ ಬರಬಹುದು.

ಐದನೇ ದಿನ

ರೈಲಿಗೆ ಇನ್ನೂ ಹೊತ್ತಿತ್ತು. ಬಾಗಿಲು ತೆರೆಯುವ ಮೊದಲೇ ನದಿದಂಡೆಗೆ ಬಂದು ಕಟಾಂಜನಕ್ಕೆ ಒರಗಿ ನಿಂತೆವು. ನೀರಿನ ಮೇಲೆ ತೆಳ್ಳಗೆ ಮಂಜು. ಉಳಿದಿರುವ ಮೂರನೆಯ ಹಡಗಿನ ಬಗ್ಗೆ ತಮ್ಮ ಕೇಳಿದ. ಲೂಸಿಯಾನಾದ ಬೇಟನ್ ರೂಜ್‌ನಲ್ಲಿದೆ, ಹೆಸರು ಕಿಡ್ ಎಂದೆ. ರಿಯರ್ ಅಡ್ಮಿರಲ್ ಐಸಾಕ್ ಕಿಡ್, ಅರಿಜೋನಾದಲ್ಲೇ ಸತ್ತವನು.

"ಅದೂ ಅರಿಜೋನಾ," ಎಂದ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸಲಿವನ್ನರ ಹೆಸರುಗಳನ್ನು ತಾನಾಗಿಯೇ ಒಂದೊಂದಾಗಿ ಹೇಳತೊಡಗಿದ, ಹಿರಿಯನಿಂದ ಶುರುಮಾಡಿ. ಜಾರ್ಜ್. ಫ್ರಾನ್ಸಿಸ್. ಜೋಸೆಫ್. ಮ್ಯಾಡಿಸನ್. ಐದನೆಯದಕ್ಕೆ ಬಂದು ನಿಲ್ಲಿಸಿದ.

"ಆಲ್ಬರ್ಟ್‌ಗೆ ಎಷ್ಟು ವಯಸ್ಸಕ್ಕ?"

"ಇಪ್ಪತ್ತು."

ತಲೆಯಾಡಿಸಿದ. ಹತ್ತು ಗಂಟೆಗೆ ಉದ್ಯಾನದ ಬಾಗಿಲು ತೆಗೆದರು. ಇನ್ನೊಮ್ಮೆ ಒಳಗೆ ಹೋಗೋಣ ಎಂದವನು ಅವನೇ.